ಶಾಲೆಯ ಧ್ಯೇಯ, ಮೌಲ್ಯ, ಗುರಿ: ಅಭಿವೃದ್ಧಿ ಯೋಜನೆಗೆ ಸಹಿ ಹಾಕುವ ಮುನ್ನ ಪಾಲಕರು ತಿಳಿಯಬೇಕಾದದ್ದು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಗೆ, ಹೊಸದಾಗಿ ಆಯ್ಕೆಯಾದ ಪಾಲಕರ ಮುಂದೆ ಒಂದಲ್ಲ ಒಂದು ದಿನ 'ಶಾಲಾ ಅಭಿವೃದ್ಧಿ ಯೋಜನೆ' ಎಂಬ ಹಾಳೆಗಳು ಬರುತ್ತವೆ. ಮೊದಲ ಪುಟದಲ್ಲಿ ಶಾಲೆಯ ಧ್ಯೇಯ, ಅದರ ಕೆಳಗೆ ಮೌಲ್ಯಗಳು, ಬಳಿಕ ಗುರಿಗಳು, ಕೊನೆಯಲ್ಲಿ ಸಹಿಗೆ ಜಾಗ ಇರುತ್ತದೆ. ಹೊಲದ ಕೆಲಸವನ್ನೋ ಕೂಲಿಯನ್ನೋ ಬಿಟ್ಟು ಬಂದ ತಂದೆ ತಾಯಂದಿರು, ಗುರುಗಳು ಬರೆದದ್ದು ಸರಿಯೇ ಇರುತ್ತದೆ ಎಂಬ ವಿಶ್ವಾಸದಿಂದ, ಓದದೆಯೇ ಸಹಿ ಹಾಕುವುದು ಸಾಮಾನ್ಯ. ಆ ವಿಶ್ವಾಸ ಒಳ್ಳೆಯದೇ. ಆದರೆ ಕಾನೂನು ಈ ಹಾಳೆಗಳಿಗೆ ಕೊಟ್ಟಿರುವ ತೂಕವನ್ನು ನೋಡಿದರೆ, ಸಹಿ ಹಾಕುವವರು ಅವುಗಳ ಒಂದೊಂದು ಪದವನ್ನೂ ತಿಳಿದಿರಬೇಕು.

ಈ ಯೋಜನೆ ಎಲ್ಲಿಂದ ಬಂತು

6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡಿದ ಕಾಯ್ದೆ 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 21ನೇ ಕಲಮು ಪ್ರತಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗೆ ಒಂದು ಸಮಿತಿ ಇರಬೇಕೆಂದೂ, ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪಾಲಕರೇ ಆಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದೂ ಹೇಳುತ್ತದೆ. ಕರ್ನಾಟಕದಲ್ಲಿ ಇಂಥ ಸಮಿತಿಗಳು ಈ ಕಾಯ್ದೆಗಿಂತ ಮೊದಲೇ, 2001ರಲ್ಲಿಯೇ, ಎಸ್‌ಡಿಎಂಸಿ ಎಂಬ ಹೆಸರಿನಲ್ಲಿ ಆರಂಭವಾಗಿದ್ದವು. ಪಾಲಕರಲ್ಲೊಬ್ಬರು ಅಧ್ಯಕ್ಷರಾಗುತ್ತಾರೆ, ಮುಖ್ಯ ಗುರುಗಳು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ.

ಮುಂದಿನ 22ನೇ ಕಲಮಿನ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದದ್ದು ಈ ಸಮಿತಿಯೇ. ಸರ್ಕಾರವಾಗಲಿ ಸ್ಥಳೀಯ ಪ್ರಾಧಿಕಾರವಾಗಲಿ ಮುಂದೆ ರೂಪಿಸುವ ಯೋಜನೆಗೆ ಮತ್ತು ನೀಡುವ ಅನುದಾನಕ್ಕೆ ಇದೇ ಆಧಾರವಾಗಬೇಕೆಂದು ಅದೇ ಕಲಮು ಹೇಳುತ್ತದೆ. ಶೌಚಾಲಯಕ್ಕೆ ನೀರಿನ ಸಂಪರ್ಕ ಬೇಕೆಂದು, ಇನ್ನೊಬ್ಬ ಶಿಕ್ಷಕರು ಬೇಕೆಂದು ಯೋಜನೆಯಲ್ಲಿ ಬರೆಯದ ಶಾಲೆ, ಅದನ್ನು ಕೇಳುವ ಅತ್ಯಂತ ಸರಳವಾದ ದಾರಿಯನ್ನೇ ಬಿಟ್ಟುಕೊಟ್ಟಂತೆ ಆಗುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಇದು ಮೂರು ವರ್ಷಗಳ ಯೋಜನೆ. ಅದರೊಳಗೆ ಒಂದೊಂದು ವರ್ಷಕ್ಕೂ ಒಂದೊಂದು ಉಪಯೋಜನೆ ಇರುತ್ತದೆ. ತರಗತಿವಾರು ದಾಖಲಾತಿಯ ಅಂದಾಜು, ಬೇಕಾಗುವ ಹೆಚ್ಚುವರಿ ಶಿಕ್ಷಕರು, ಕಟ್ಟಡ ಮತ್ತು ಸಾಮಗ್ರಿ, ಇವುಗಳಿಗೆ ತಗಲುವ ಹಣ ಇಷ್ಟೂ ಅದರಲ್ಲಿ ಇರಬೇಕು.

ಧ್ಯೇಯ: ಈ ಶಾಲೆ ಯಾರಿಗಾಗಿ ಇದೆ

ಧ್ಯೇಯವೆಂದರೆ ಶಾಲೆ ಯಾಕೆ ಇದೆ, ಯಾರಿಗಾಗಿ ಇದೆ ಎಂಬುದಕ್ಕೆ ಒಂದೆರಡು ವಾಕ್ಯಗಳ ಉತ್ತರ. ವರ್ಷವರ್ಷವೂ ಅದು ಬದಲಾಗುವುದಿಲ್ಲ, ಮುಖ್ಯ ಗುರುಗಳ ವರ್ಗಾವಣೆಯಾದರೂ ಉಳಿಯುತ್ತದೆ. 'ಮಕ್ಕಳ ಸರ್ವತೋಮುಖ ಬೆಳವಣಿಗೆ' ಎಂಬ ಸಾಲು ಬಹುಪಾಲು ಶಾಲೆಗಳಲ್ಲಿ ಕಾಣುತ್ತದೆ ಮತ್ತು ಅದಕ್ಕೆ ಆಧಾರವೂ ಇದೆ. ಪಠ್ಯಕ್ರಮವು ಮಗುವಿನ ಸರ್ವತೋಮುಖ ಬೆಳವಣಿಗೆಗೆ ಅನುವಾಗುವಂತಿರಬೇಕೆಂದು ಕಾಯ್ದೆಯ 29ನೇ ಕಲಮು ಹೇಳುತ್ತದೆ. ಆದರೆ ಯಾವ ಊರಿನ ಶಾಲೆಗಾದರೂ ಹೊಂದುವ ಸಾಲು ನಮ್ಮ ಊರಿನ ಶಾಲೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ನಮ್ಮ ಭಾಗದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ, ಕೊಪ್ಪಳದಲ್ಲಿ ಶೇ 68.09, ಅಂದಿನ ಅವಿಭಜಿತ ಬಳ್ಳಾರಿಯಲ್ಲಿ ಶೇ 67.43, ರಾಯಚೂರಿನಲ್ಲಿ ಶೇ 59.56 ಇತ್ತು. ಇದರ ಅರ್ಥ, ಇಂದು ಶಾಲೆಗೆ ಬರುತ್ತಿರುವ ಅನೇಕ ಮಕ್ಕಳ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಆ ಮಗುವಿಗೆ ಅಕ್ಷರ ಸಿಗುವ ಒಂದೇ ಜಾಗ ಶಾಲೆ. ಆದ್ದರಿಂದ 'ನಮ್ಮೂರು ಮತ್ತು ನಮ್ಮ ತಾಂಡಾದ ಪ್ರತಿ ಮಗುವೂ, ಮನೆಯಲ್ಲಿ ಓದು ಬಲ್ಲವರು ಇದ್ದರೂ ಇಲ್ಲದಿದ್ದರೂ, ಐದನೇ ತರಗತಿ ಮುಗಿಸುವಾಗ ಕನ್ನಡವನ್ನು ಅರ್ಥ ಮಾಡಿಕೊಂಡು ಓದಬೇಕು, ದಿನಬಳಕೆಯ ಲೆಕ್ಕ ಮಾಡಬೇಕು, ಭಯವಿಲ್ಲದೆ ಪ್ರಶ್ನೆ ಕೇಳಬೇಕು' ಎಂದು ಬರೆದ ಧ್ಯೇಯ ಹೆಚ್ಚು ಉಪಯುಕ್ತ. ಯಾರು, ಏನು, ಯಾವ ಹೊತ್ತಿಗೆ ಎಂಬ ಮೂರೂ ಅದರಲ್ಲಿವೆ.

ಮೌಲ್ಯಗಳನ್ನು ಎಲ್ಲಿ ನೋಡಬೇಕು

ಧ್ಯೇಯದ ಕಡೆಗೆ ನಡೆಯುವಾಗ ಶಾಲೆ ಯಾವುದನ್ನು ಎಂದಿಗೂ ಬಿಟ್ಟುಕೊಡುವುದಿಲ್ಲ ಎಂಬುದೇ ಮೌಲ್ಯ. ಇವುಗಳನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಪ್ರಾರ್ಥನೆಯ ವೇಳೆ ಮಕ್ಕಳು ಓದುವ ಸಂವಿಧಾನದ ಪೀಠಿಕೆಯಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಇವೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ ಕಲಮು, ಅದೂ 17ನೆಯದೇ, ನಿಷೇಧಿಸಿದೆ.

ಮೌಲ್ಯ ನಿಜವಾಗಿಯೂ ಇದೆಯೇ ಎಂದು ತಿಳಿಯಲು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಶಾಲೆಗೆ ಹೋಗುವುದು ಒಳ್ಳೆಯ ಮಾರ್ಗ. 2002ರಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದ ಏಳು ಈಶಾನ್ಯ ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಇದ್ದವು. ಬಿಸಿಯೂಟದ ಉದ್ದೇಶ ಹಸಿವು ನೀಗಿಸುವುದಷ್ಟೇ ಅಲ್ಲ, ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತು ಉಣ್ಣುವುದೂ ಅದರ ಭಾಗ. ಮಕ್ಕಳು ಬೆರೆತು ಕುಳಿತಿದ್ದಾರೆಯೇ, ಊಟವಾದ ಮೇಲೆ ಆವರಣ ಗುಡಿಸುವ ಪಾಳಿ ಎಲ್ಲರಿಗೂ ಬರುತ್ತದೆಯೇ ಅಥವಾ ಕೆಲವು ಓಣಿಗಳ ಮಕ್ಕಳಿಗೆ ಮಾತ್ರವೇ, ಗಂಡುಮಕ್ಕಳೂ ಪೊರಕೆ ಹಿಡಿಯುತ್ತಾರೆಯೇ ಎಂಬುದನ್ನು ಯಾರಾದರೂ ಕಣ್ಣಾರೆ ಕಾಣಬಹುದು.

ಇನ್ನೊಂದು ಜಾಗ ಭಾಷೆ. ನಮ್ಮ ಜಿಲ್ಲೆಗಳಲ್ಲಿ ಲಂಬಾಣಿ, ತೆಲುಗು, ಉರ್ದು ಮನೆಮಾತಿನ ಮಕ್ಕಳು ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬರುತ್ತಾರೆ. ಆ ಮಗು ಮೊದಲ ಕೆಲವು ತಿಂಗಳು ಮಾತನಾಡದಿದ್ದರೆ ಅದು ದಡ್ಡತನವಲ್ಲ. ತರಗತಿಯ ಮಾತು ಅದಕ್ಕೆ ಇನ್ನೂ ಹೊಸದು. ಮನೆಮಾತಿನಲ್ಲಿ ಉತ್ತರಿಸಿದ ಮಗುವನ್ನು ಗದರಿಸದೆ, ಅದೇ ಉತ್ತರವನ್ನು ಕನ್ನಡದಲ್ಲಿ ಹೇಳಲು ಜೊತೆಗೂಡುವ ಶಾಲೆಯಲ್ಲಿ ಸಮಾನತೆ ಎಂಬ ಮೌಲ್ಯ ಬದುಕಿದೆ ಎನ್ನಬಹುದು.

ಗುರಿ: ಎಲ್ಲಿಂದ ಎಲ್ಲಿಗೆ, ಯಾವಾಗ, ಯಾರ ಹೊಣೆ

ಪಾಲಕರು ಹೆಚ್ಚು ಹೊತ್ತು ಕಳೆಯಬೇಕಾದದ್ದು ಗುರಿಗಳ ಪುಟದಲ್ಲಿ. ಧ್ಯೇಯದ ಒಂದು ಭಾಗವನ್ನು ಇಂತಿಷ್ಟು ಕಾಲದಲ್ಲಿ ಇಷ್ಟು ಸಾಧಿಸುತ್ತೇವೆ ಎಂದು ಅಳೆಯುವಂತೆ ಹೇಳಿದರೆ ಅದು ಗುರಿ. 'ಓದಿನ ಮಟ್ಟ ಹೆಚ್ಚಿಸುವುದು' ಎಂಬುದು ಆಸೆ. ವರ್ಷದ ಕೊನೆಗೆ ಅದು ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಊಹೆಯ ಒಂದು ಶಾಲೆಯನ್ನು ತೆಗೆದುಕೊಳ್ಳೋಣ. ಕುಷ್ಟಗಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮೂರನೇ ತರಗತಿಯಲ್ಲಿ 28 ಮಕ್ಕಳಿದ್ದಾರೆ. ಹಿಂದಿನ ತರಗತಿಯ ಕಲಿಕೆಯನ್ನು ವರ್ಷದ ಆರಂಭದಲ್ಲಿ ಪರೀಕ್ಷಿಸಿ ಗಟ್ಟಿಗೊಳಿಸುವ ಸೇತುಬಂಧದಲ್ಲಿ ತಿಳಿದದ್ದೇನೆಂದರೆ, 12 ಮಕ್ಕಳು ಪರಿಚಯವಿಲ್ಲದ ಸರಳ ಕಥೆಯನ್ನು ಓದಿ ಅರ್ಥ ಹೇಳುತ್ತಾರೆ, 9 ಮಕ್ಕಳು ಪದಗಳನ್ನು ಕೂಡಿಸಿ ಓದುತ್ತಾರೆ, 7 ಮಕ್ಕಳಿಗೆ ಒತ್ತಕ್ಷರ, ಗುಣಿತಾಕ್ಷರಗಳಲ್ಲಿಯೇ ತೊಡಕಿದೆ. ಹೀಗಿರುವಾಗ ಗುರಿಯನ್ನು ಈ ರೀತಿ ಬರೆಯಬಹುದು: ಪದ ಓದುವ 9 ಮಕ್ಕಳು ಅರ್ಧವಾರ್ಷಿಕ ಪರೀಕ್ಷೆಯೊಳಗೆ ಕಥೆ ಓದುವ ಹಂತಕ್ಕೂ, ಅಕ್ಷರದಲ್ಲಿ ತೊಡಕಿರುವ 7 ಮಕ್ಕಳು ಅದೇ ಅವಧಿಯೊಳಗೆ ಪದ ಓದುವ ಹಂತಕ್ಕೂ ಬರಬೇಕು, ಇದಕ್ಕಾಗಿ ಪ್ರತಿದಿನ ಮೊದಲ ಅವಧಿಯಲ್ಲಿ 40 ನಿಮಿಷ ಗುಂಪು ಓದು ನಡೆಯಬೇಕು, ಹೊಣೆ ತರಗತಿ ಶಿಕ್ಷಕರದು, ಪ್ರತಿ ತಿಂಗಳ ಕೊನೆಯ ವಾರ ಮುಖ್ಯ ಗುರುಗಳು ಪ್ರತಿ ಮಗುವಿನಿಂದ ಓದಿಸಿ ನೋಡಬೇಕು. ಇಂಥ ಗುರಿಯನ್ನು ಓದು ಬಾರದ ತಾಯಿಯೂ ಪರಿಶೀಲಿಸಬಲ್ಲಳು, ಏಕೆಂದರೆ ತನ್ನ ಮಗಳು ಯಾವ ಗುಂಪಿನಲ್ಲಿದ್ದಳು, ಈಗ ಎಲ್ಲಿದ್ದಾಳೆ ಎಂದು ಕೇಳಿದರೆ ಸಾಕು.

ಮಟ್ಟವನ್ನು ಯಾವುದಕ್ಕೆ ಹೋಲಿಸಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಇರಬೇಕೆಂಬ ಗುರಿ ಇಟ್ಟುಕೊಂಡಿದೆ. ಅದರ ಪ್ರಕಾರ ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು, ಮೂರನೇ ತರಗತಿಯ ಮಗು ಕನಿಷ್ಠ 60 ಪದಗಳನ್ನು ಅರ್ಥದೊಂದಿಗೆ ಓದಬೇಕು. ಎರಡನೆಯದರಲ್ಲಿ 999ರವರೆಗೆ, ಮೂರನೆಯದರಲ್ಲಿ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವ ಕನ್ನಡದಲ್ಲಿ ಪದಗಳ ಎಣಿಕೆಗಿಂತ ಅರ್ಥ ಹೇಳುವುದಕ್ಕೇ ಹೆಚ್ಚು ಬೆಲೆ ಕೊಡಬೇಕು. ಗಡಿಯಾರ ಹಿಡಿದು ಅವಸರಪಡಿಸಿದ ಮಗು ಓದುತ್ತದೆ, ಆದರೆ ಓದಿದ್ದೇನೆಂದು ಕೇಳಿದರೆ ಸುಮ್ಮನಾಗುತ್ತದೆ.

ಗುರಿಯ ಪುಟದಲ್ಲಿ ಸರಾಸರಿಯ ಲೆಕ್ಕ ಮಾತ್ರ ಇದ್ದರೆ ಎಚ್ಚರವಹಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಟ್ಟ ಒಟ್ಟು ನೀರಿನ ಲೆಕ್ಕ ಸರಿಯಾಗಿದ್ದರೂ ಮಾನ್ವಿ, ಸಿರವಾರ ಭಾಗದ ಕೊನೆಯ ಹೊಲಕ್ಕೆ ನೀರು ತಲುಪದೇ ಇರಬಹುದು. ಅದಕ್ಕಾಗಿಯೇ ಕೆಳಭಾಗದ ರೈತರು ಅಣೆಕಟ್ಟೆಯ ಲೆಕ್ಕವನ್ನು ಕೇಳಿ ಸುಮ್ಮನಾಗದೆ ತಮ್ಮ ಉಪಕಾಲುವೆಯಲ್ಲಿ ಎಷ್ಟು ನೀರು ಬಂತೆಂದು ನೋಡುತ್ತಾರೆ. ತರಗತಿಯೂ ಹಾಗೆಯೇ. ಮುಂದಿರುವ ಹತ್ತು ಮಕ್ಕಳು ಇನ್ನಷ್ಟು ಅಂಕ ಪಡೆದರೆ ಸರಾಸರಿ ಏರುತ್ತದೆ, ಹಿಂದೆ ಉಳಿದ ಏಳು ಮಕ್ಕಳು ಇದ್ದಲ್ಲಿಯೇ ಇರುತ್ತಾರೆ. ಆದ್ದರಿಂದ ಒಳ್ಳೆಯ ಗುರಿ ಕೊನೆಯ ಸಾಲಿನ ಮಕ್ಕಳನ್ನು ಬೇರೆಯಾಗಿಯೇ ಎಣಿಸುತ್ತದೆ.

ಗುರಿಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಇಪ್ಪತ್ತು ಗುರಿಗಳನ್ನು ಬರೆದ ಯೋಜನೆ ನೋಡಲು ತುಂಬಿಕೊಂಡಿರುತ್ತದೆ, ಆದರೆ ಮೂವರು ಶಿಕ್ಷಕರಿರುವ ಶಾಲೆ ಇಪ್ಪತ್ತನ್ನೂ ನೆನಪಿಡಲಾರದು. ಓದಿಗೆ ಒಂದು, ಲೆಕ್ಕಕ್ಕೆ ಒಂದು, ಹಾಜರಾತಿಗೆ ಒಂದು, ಶೌಚಾಲಯ ಅಥವಾ ಕುಡಿಯುವ ನೀರಿಗೆ ಒಂದು ಎಂದು ನಾಲ್ಕನ್ನು ಆರಿಸಿ ಗಟ್ಟಿಯಾಗಿ ಹಿಡಿಯುವುದು ಮೇಲು.

ನಿರಂತರ ಸುಧಾರಣೆ ಹೇಗೆ ನಡೆಯುತ್ತದೆ

ನಿರಂತರ ಸುಧಾರಣೆ ಎಂದರೆ ಪ್ರತಿ ವರ್ಷ ಹೊಸ ಕಾರ್ಯಕ್ರಮ ಆರಂಭಿಸುವುದಲ್ಲ. ಈಗಿನ ಸ್ಥಿತಿಯನ್ನು ನೋಡುವುದು, ಒಂದು ಗುರಿಯನ್ನು ಆರಿಸುವುದು, ಕೆಲಸ ಮಾಡುವುದು, ಮತ್ತೆ ಅದೇ ಅಳತೆಯಿಂದ ನೋಡಿ ದಾರಿಯನ್ನು ತಿದ್ದಿಕೊಳ್ಳುವುದು: ಈ ಸುತ್ತು ನಿಲ್ಲದೆ ತಿರುಗುತ್ತಿರಬೇಕು. ನಮ್ಮ ಶಾಲೆಗಳ ವಾರ್ಷಿಕ ವೇಳಾಪಟ್ಟಿಯಲ್ಲಿ ಇದಕ್ಕೆ ಬೇಕಾದ ನಿಲ್ದಾಣಗಳು ಈಗಾಗಲೇ ಇವೆ. ಆರಂಭದಲ್ಲಿ ಸೇತುಬಂಧ ಇದೆ. ಅನಂತರ ಎಫ್‌ಎ ಎಂದು ಕರೆಯುವ ರೂಪಣಾತ್ಮಕ ಮೌಲ್ಯಮಾಪನ ನಾಲ್ಕು ಬಾರಿ, ಎಸ್‌ಎ ಎಂದು ಕರೆಯುವ ಸಂಕಲನಾತ್ಮಕ ಮೌಲ್ಯಮಾಪನ ಎರಡು ಬಾರಿ ನಡೆಯುತ್ತವೆ. ಫಲಿತಾಂಶವನ್ನು ಪಾಲಕರ ಮುಂದಿಡಲು 'ಸಮುದಾಯದತ್ತ ಶಾಲೆ' ಕಾರ್ಯಕ್ರಮವಿದೆ.

ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶವನ್ನು ಪಾಲಕರು ಮಾತ್ರವಲ್ಲ, ಕೆಲವೊಮ್ಮೆ ಶಾಲೆಗಳೂ ಮರೆಯುತ್ತವೆ. ಅದು ಮಗುವಿಗೆ ಅಂಕ ಕೊಡಲು ಇರುವುದಕ್ಕಿಂತ ಹೆಚ್ಚಾಗಿ, ಮುಂದಿನ ಪಾಠವನ್ನು ಹೇಗೆ ಹೇಳಬೇಕೆಂದು ಶಿಕ್ಷಕರಿಗೆ ತಿಳಿಸಲು ಇದೆ. ಮೊದಲ ಎಫ್‌ಎಯಲ್ಲಿ ಹನ್ನೊಂದು ಮಕ್ಕಳು ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ತಪ್ಪಿದರೆ, ಎರಡನೆಯದಕ್ಕೆ ಮೊದಲು ಆ ಪಾಠವನ್ನು ಕಡ್ಡಿಗಂಟುಗಳನ್ನು ಇಟ್ಟುಕೊಂಡು ಮತ್ತೆ ಹೇಳಬೇಕು. ಅಂಕವನ್ನು ಪುಸ್ತಕದಲ್ಲಿ ಬರೆದು ಮುಂದಿನ ಪಾಠಕ್ಕೆ ಹೋದರೆ ಸುತ್ತು ಅಲ್ಲಿಯೇ ತುಂಡಾಗುತ್ತದೆ.

ಇಡೀ ಶಾಲೆಯನ್ನು ನೋಡಿಕೊಳ್ಳಲು 2015ರಲ್ಲಿ ರಾಷ್ಟ್ರಮಟ್ಟದಲ್ಲಿ ಬಂದ ಚೌಕಟ್ಟು 'ಶಾಲಾ ಸಿದ್ಧಿ'. ಸೌಲಭ್ಯಗಳು, ಬೋಧನೆ ಮತ್ತು ಮೌಲ್ಯಮಾಪನ, ಮಕ್ಕಳ ಪ್ರಗತಿ, ಶಿಕ್ಷಕರ ವೃತ್ತಿ ಬೆಳವಣಿಗೆ, ನಾಯಕತ್ವ, ಎಲ್ಲರನ್ನೂ ಒಳಗೊಳ್ಳುವಿಕೆ ಹಾಗೂ ಸುರಕ್ಷತೆ, ಸಮುದಾಯದ ಪಾಲ್ಗೊಳ್ಳುವಿಕೆ ಎಂಬ ಏಳು ಕ್ಷೇತ್ರಗಳಲ್ಲಿ ಶಾಲೆ ತಾನು ಮೂರು ಹಂತಗಳಲ್ಲಿ ಯಾವುದರಲ್ಲಿ ಇದೆ ಎಂದು ತಾನೇ ಗುರುತಿಸಿಕೊಳ್ಳುತ್ತದೆ. ತಾನು ಕೆಳಹಂತದಲ್ಲಿದ್ದೇನೆ ಎಂದು ಪ್ರಾಮಾಣಿಕವಾಗಿ ಬರೆದ ಶಾಲೆಗೆ ಛೀಮಾರಿಯ ಬದಲು ನೆರವು ಸಿಕ್ಕಾಗ ಮಾತ್ರ ಈ ಸ್ವಮೌಲ್ಯಮಾಪನಕ್ಕೆ ಅರ್ಥ ಬರುತ್ತದೆ.

ನಮ್ಮ ಜಿಲ್ಲೆಗಳ ಯೋಜನೆಯಲ್ಲಿ ಇರಲೇಬೇಕಾದವು

ಬೇರೆ ಕಡೆಯ ಮಾದರಿ ಯೋಜನೆಯನ್ನು ನಕಲು ಮಾಡಿದರೆ ಮೊದಲು ಬಿಟ್ಟುಹೋಗುವುದು ಗುಳೆಯ ವಿಷಯ. ಮಳೆ ನಂಬಿದ ಹೊಲಗಳ ಸುಗ್ಗಿ ಮುಗಿದ ಮೇಲೆ ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಭಾಗದ ಕುಟುಂಬಗಳು ಬೆಂಗಳೂರು, ಗೋವಾ ಕಡೆಗೆ ಕೆಲಸ ಹುಡುಕಿಕೊಂಡು ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ದಿನಗಳಲ್ಲಿ ಊರಲ್ಲೇ ಉಳಿದ ಮಕ್ಕಳೂ, ಅದರಲ್ಲೂ ಹೆಣ್ಣುಮಕ್ಕಳು, ಹೊಲಕ್ಕೋ ತಮ್ಮ ತಂಗಿಯರನ್ನು ನೋಡಿಕೊಳ್ಳಲೋ ತರಗತಿ ತಪ್ಪಿಸುತ್ತಾರೆ. ವರ್ಷದ ಸರಾಸರಿ ಹಾಜರಾತಿಯಲ್ಲಿ ಇದು ಮುಚ್ಚಿಹೋಗುತ್ತದೆ, ತಿಂಗಳವಾರು ನೋಡಿದರೆ ಎದ್ದು ಕಾಣುತ್ತದೆ. ಹಾಜರಿ ಪುಸ್ತಕವನ್ನು ತಿಂಗಳ ಪ್ರಕಾರ ಎಣಿಸಿ, ಯಾವ ಓಣಿಯ, ಯಾವ ತಾಂಡಾದ ಮಕ್ಕಳು ಯಾವಾಗ ಕಡಿಮೆಯಾಗುತ್ತಾರೆ ಎಂದು ಯೋಜನೆಯಲ್ಲಿ ಬರೆಯಬೇಕು. ಗುಳೆ ಹೋಗುವ ಮುನ್ನವೇ ಆ ಮನೆಗಳಿಗೆ ಹೋಗಿ, ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಅಥವಾ ವಸತಿ ವ್ಯವಸ್ಥೆ ಇರುವಲ್ಲಿ ಬಿಟ್ಟುಹೋಗಲು ಮನವೊಲಿಸುವುದು, ಹೋದ ಮಕ್ಕಳು ಅಲ್ಲಿನ ಶಾಲೆ ಸೇರುವಂತೆ ನೋಡಿಕೊಳ್ಳುವುದು, ಮರಳಿದವರಿಗೆ ವಿಶೇಷ ತರಗತಿ ನಡೆಸುವುದು ಇವು ಗುರಿಗಳಾಗಬೇಕು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದಿರುವಂತಿಲ್ಲ ಎಂದು ಕಾಯ್ದೆಯ 5ನೇ ಕಲಮು ಹೇಳುವುದನ್ನು ಪಾಲಕರು ತಿಳಿದಿರಬೇಕು.

ಎರಡನೆಯದು ನೀರು. ಕೊಪ್ಪಳ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚಿದ್ದು, ಅದು ಬೆಳೆಯುವ ಮಕ್ಕಳ ಹಲ್ಲು, ಮೂಳೆಗಳಿಗೆ ಕೆಡುಕು ಮಾಡುತ್ತದೆ. ಶುದ್ಧ ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಕಾಯ್ದೆಯ ಅನುಸೂಚಿಯಲ್ಲಿಯೇ ಇರುವ ಕನಿಷ್ಠ ಅಗತ್ಯಗಳು. ಶೌಚಾಲಯದ ಕಟ್ಟಡವಿದ್ದು ನೀರಿಲ್ಲದಿದ್ದರೆ ಮೇಲಿನ ತರಗತಿಯ ಹುಡುಗಿಯರ ಹಾಜರಾತಿಯ ಮೇಲೆ ಅದರ ಪರಿಣಾಮ ನೇರವಾಗಿ ಆಗುತ್ತದೆ.

ಹಣ ಮತ್ತು ಶಿಕ್ಷಕರು

ಕೇಂದ್ರದ 'ಸಮಗ್ರ ಶಿಕ್ಷಣ' ಕಾರ್ಯಕ್ರಮದಡಿ ಪ್ರತಿ ಸರ್ಕಾರಿ ಶಾಲೆಗೆ ದಾಖಲಾತಿಯ ಆಧಾರದಲ್ಲಿ ವಾರ್ಷಿಕ ಸಂಯುಕ್ತ ಅನುದಾನ ನಿಗದಿಯಾಗಿದೆ. 31ರಿಂದ 100 ಮಕ್ಕಳಿರುವ ಶಾಲೆಗೆ ₹25,000, 101ರಿಂದ 250 ಮಕ್ಕಳಿರುವ ಶಾಲೆಗೆ ₹50,000 ಎಂಬುದು ಅದರ ಪ್ರಮಾಣ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಬಳಕೆಯಾಗಬೇಕು. ಅನುದಾನದ ಬಳಕೆಯನ್ನು ಪರಿಶೀಲಿಸುವುದು ಎಸ್‌ಡಿಎಂಸಿಗೆ ಕಾನೂನು ವಹಿಸಿದ ಕೆಲಸ. ಬೀದರ್‌ನಿಂದ ಬಳ್ಳಾರಿಯವರೆಗಿನ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯೂ ಇರುವುದರಿಂದ, ಕೊಠಡಿಯಂಥ ದೊಡ್ಡ ಬೇಡಿಕೆಗಳಿಗೆ ಯೋಜನೆಯ ಪ್ರತಿಯೊಂದಿಗೆ ಮನವಿ ಸಲ್ಲಿಸಬಹುದು.

ಶಿಕ್ಷಕರ ಕೊರತೆಯನ್ನು ಯಾವ ಹಳ್ಳಿಯ ಶಾಲೆಯೂ ತಾನೇ ನೀಗಿಸಲಾರದು. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರ ತನಕ ಮೂವರು ಶಿಕ್ಷಕರಿರಬೇಕೆಂದು ಅನುಸೂಚಿ ಹೇಳುತ್ತದೆ. ನಿಮ್ಮ ಶಾಲೆಯಲ್ಲಿ 84 ಮಕ್ಕಳಿಗೆ ಒಬ್ಬರೇ ಇದ್ದರೆ ಆ ಅಂತರವನ್ನು ಯೋಜನೆಯಲ್ಲಿ ಸಂಖ್ಯೆಯ ಸಮೇತ ಬರೆಯಬೇಕು, ಅತಿಥಿ ಶಿಕ್ಷಕರಿಂದ ತಾತ್ಕಾಲಿಕವಾಗಿ ತುಂಬಿದ ಜಾಗವನ್ನು ಹಾಗೆಂದೇ ನಮೂದಿಸಬೇಕು. ಆ ಕೊರತೆಯ ನಡುವೆಯೂ ದುಡಿಯುತ್ತಿರುವ ಶಿಕ್ಷಕರನ್ನು ಗುರಿ ಮುಟ್ಟಲಿಲ್ಲವೆಂದು ದೂರುವುದು ನ್ಯಾಯವಲ್ಲ. ಶಾಲೆಯ ಕೈಯಲ್ಲಿರುವ ಗುರಿಗಳು ಯಾವುವು, ಸರ್ಕಾರದಿಂದ ಆಗಬೇಕಾದವು ಯಾವುವು ಎಂದು ಎರಡು ಪಟ್ಟಿ ಮಾಡಿದರೆ ಈ ಗೊಂದಲ ತಪ್ಪುತ್ತದೆ.

ಯೋಜನೆ ಕಾಗದದಲ್ಲೇ ಉಳಿದರೆ

ಮೊದಲ ಹೆಜ್ಜೆ ಸಭೆಯಲ್ಲಿಯೇ ಇದೆ. ಹಿಂದಿನ ವರ್ಷದ ಗುರಿಗಳನ್ನು ಗಟ್ಟಿಯಾಗಿ ಓದಿಸಿ, ಒಂದೊಂದೂ ಎಲ್ಲಿಗೆ ಬಂತೆಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಹಳೆಯದನ್ನು ನೋಡದೆ ಹೊಸ ಯೋಜನೆಗೆ ಸಹಿ ಹಾಕದಿರುವುದು ಸದಸ್ಯರ ಹಕ್ಕು. ಶಾಲೆಯ ಮಟ್ಟದಲ್ಲಿ ಬಗೆಹರಿಯದ ವಿಷಯವನ್ನು ಸಮೂಹ ಸಂಪನ್ಮೂಲ ವ್ಯಕ್ತಿಗಳ, ಅಂದರೆ ಸಿಆರ್‌ಪಿಯವರ, ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ಬರಹದಲ್ಲಿ ತರಬಹುದು. ಮಗುವಿನ ಹಕ್ಕಿಗೇ ಧಕ್ಕೆಯಾಗಿದ್ದರೆ ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಲು ಅವಕಾಶವಿದೆ, ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ನಿಂತು ತಮ್ಮ ಶಾಲೆಯ ನೀರು, ಶೌಚಾಲಯ, ಆಟದ ಮೈದಾನದ ಬಗ್ಗೆ ಕೇಳುತ್ತಾರೆ. ಆ ಸಭೆಗೆ ಮುನ್ನ ಶಾಲಾ ಅಭಿವೃದ್ಧಿ ಯೋಜನೆಯ ಗುರಿಗಳನ್ನು ಅವರಿಗೂ ಓದಿ ಹೇಳಿದ್ದರೆ, ಯಾವ ಕೆಲಸ ಯಾವಾಗ ಆಗಬೇಕಿತ್ತು ಎಂಬುದನ್ನು ಅವರು ತಾರೀಖಿನ ಸಮೇತ ಕೇಳಬಲ್ಲರು.